ಥಾಯ್ ಮಡದಿ, ಭಾರತದ ಪಿಂಚಣಿ ಮತ್ತು 4 ಲಕ್ಷ ಬಾತ್

ಮಾನ್ಯ ಸಂಪಾದಕರೆ,

ನಿವೃತ್ತರಿಗೆ ಥೈಲ್ಯಾಂಡ್ ಅಗ್ಗದ ಊರು ಎನ್ನುವ ಬರಹಗಳು ಈಚೆಗೆ ಕನ್ನಡದಲ್ಲೂ ಆಗಾಗ ಬರುತ್ತಿವೆ. ಮನೆ ಬಾಡಿಗೆ, ತರಕಾರಿ, ಆಸ್ಪತ್ರೆ ಖರ್ಚು ಎಲ್ಲದರ ಲೆಕ್ಕವೂ ಅವುಗಳಲ್ಲಿ ಇರುತ್ತದೆ. ಆದರೆ ಥಾಯ್ ಹೆಂಡತಿಯ ಆಧಾರದ ಮೇಲೆ ಅಲ್ಲಿ ನೆಲೆಸುವವರು ಪ್ರತಿ ವರ್ಷ ವಲಸೆ ಕಚೇರಿಗೆ ವರಮಾನ ತೋರಿಸಬೇಕಾದ ಸಂಗತಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: 'ತಿಂಗಳಿಗೆ 40,000 ಬಾತ್ ಆದಾಯ ಅಥವಾ ಬ್ಯಾಂಕಿನಲ್ಲಿ 4 ಲಕ್ಷ ಬಾತ್'. ಸಾಲು ಸರಿಯೇ ಇದೆ. ಆದರೆ ಅದನ್ನು ನಂಬಿ, ಪಿಂಚಣಿ ಆದೇಶದ ಪ್ರತಿಯನ್ನು ಕಡತಕ್ಕೆ ಸೇರಿಸಿಕೊಂಡು ಕೌಂಟರಿನ ಮುಂದೆ ನಿಂತವರು ಬರಿಗೈಲಿ ವಾಪಸಾಗುತ್ತಾರೆ. ಭಾರತದಿಂದ ಪಿಂಚಣಿ ಬರುವವರಿಗೆ ಈ ಎರಡು ದಾರಿಗಳಲ್ಲಿ ಠೇವಣಿಯದ್ದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ ಎಡವುವ ಜಾಗಗಳನ್ನೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಹಣದ ಪ್ರಮಾಣ. 50 ವರ್ಷ ದಾಟಿದವರು ನಿವೃತ್ತಿಯ ಆಧಾರದಲ್ಲೇ ವಾಸದ ಅನುಮತಿಗೆ ಒಂದು ವರ್ಷದ ವಿಸ್ತರಣೆ ಕೇಳಬಹುದು. ಅದಕ್ಕೆ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ವರಮಾನ ಬೇಕು. ಥಾಯ್ ಹೆಂಡತಿಯ ಆಧಾರದಲ್ಲಾದರೆ 4 ಲಕ್ಷ ಅಥವಾ ತಿಂಗಳಿಗೆ 40,000, ವಯಸ್ಸಿನ ಮಿತಿಯೂ ಇಲ್ಲ. ಹಣ ಅರ್ಧ, ಕಾಗದ ಎರಡರಷ್ಟು ಎಂದುಕೊಳ್ಳಿ. ನಿವೃತ್ತಿಯ ಲೆಕ್ಕದಲ್ಲಿ ಠೇವಣಿ ಮತ್ತು ಆದಾಯ ಎರಡನ್ನೂ ಕೂಡಿಸಿ ವರ್ಷಕ್ಕೆ 8 ಲಕ್ಷ ತೋರಿಸಲು ಅವಕಾಶವಿದೆ. ಮದುವೆಯ ಆಧಾರಕ್ಕೆ ಈ ಕೂಡುಲೆಕ್ಕ ನಡೆಯುವುದಿಲ್ಲ. '2 ಲಕ್ಷ ಇಟ್ಟು, ತಿಂಗಳಿಗೆ 20,000 ತರಿಸುತ್ತೇನೆ' ಎಂದು ಹೊರಟವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇನ್ನೊಂದು ಮಾತು: ವರಮಾನದ ಈ ಷರತ್ತು ಇರುವುದು ಥಾಯ್ ಹೆಣ್ಣನ್ನು ಮದುವೆಯಾದ ವಿದೇಶಿ ಗಂಡನಿಗೆ.

ಒಂದು ಬಾತ್‌ಗೆ 3 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ನಿಜವಾದ ದರ ಏರುತ್ತ ಇಳಿಯುತ್ತ ಇರುತ್ತದೆ. ಹಾಗೆ ಹಿಡಿದರೆ ತಿಂಗಳಿಗೆ 40,000 ಬಾತ್ ಎಂದರೆ 1 ಲಕ್ಷ 20 ಸಾವಿರ ರೂಪಾಯಿ. ಅಷ್ಟು ಪಿಂಚಣಿ ಬರುವವರು ನಮ್ಮಲ್ಲಿ ಎಷ್ಟು ಮಂದಿ? ಬರುವವರೂ ತೆರಿಗೆ ಕಳೆದು, ಊರಿನ ಖರ್ಚು ಕಳೆದು ಪೂರ್ತಿ ಮೊತ್ತವನ್ನು ತಿಂಗಳು ತಪ್ಪದೆ ಹೊರದೇಶಕ್ಕೆ ಕಳಿಸಬೇಕು.

'ನನಗೆ ಇಷ್ಟು ಪಿಂಚಣಿ ಇದೆ' ಎಂದು ರಾಯಭಾರ ಕಚೇರಿಯಿಂದ ಪತ್ರ ತಂದರೆ ಸಾಕು ಎಂಬ ಹಳೆಯ ಸಲಹೆ ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ರಾಯಭಾರ ಕಚೇರಿಗಳು 2019ರ ಆರಂಭಕ್ಕೇ ಇಂಥ ಪತ್ರ ಕೊಡುವುದನ್ನು ನಿಲ್ಲಿಸಿದವು. ಪತ್ರದಲ್ಲಿರುವ ಆದಾಯವನ್ನು ನೀವು ನಿಜಕ್ಕೂ ಪರಿಶೀಲಿಸಿದ್ದೀರಾ ಎಂದು ಥಾಯ್ ವಲಸೆ ಇಲಾಖೆ ಕೇಳಿದಾಗ, ಅರ್ಜಿದಾರ ಪ್ರಮಾಣ ಮಾಡಿ ಹೇಳಿದ್ದಕ್ಕೆ ಸಹಿ ಹಾಕಿದ್ದೇವೆ ಅಷ್ಟೇ ಎನ್ನುವುದರ ಹೊರತು ಅವರಲ್ಲಿ ಉತ್ತರವಿರಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಆಮೇಲೆ ಇಲಾಖೆ ಒಪ್ಪಿಕೊಂಡ ಬದಲಿ ಪುರಾವೆ ಎಂದರೆ, ಹೊರದೇಶದಿಂದ ಥಾಯ್ ಬ್ಯಾಂಕಿನ ಖಾತೆಗೆ ಸತತ 12 ತಿಂಗಳು ಹಣ ಬಂದಿರುವ ದಾಖಲೆ. ಅಂದರೆ ನಿಮಗೆ ಭಾರತದಲ್ಲಿ ಎಷ್ಟು ಪಿಂಚಣಿ ಜಮೆಯಾಗುತ್ತದೆ ಎಂಬುದನ್ನು ಅಧಿಕಾರಿ ನೋಡುವುದೇ ಇಲ್ಲ. ತನ್ನ ದೇಶದ ಬ್ಯಾಂಕಿನ ಪುಸ್ತಕದಲ್ಲಿ ಏನು ಮುದ್ರಣವಾಗಿದೆಯೋ ಅದನ್ನು ನೋಡುತ್ತಾನೆ.

ತಿಂಗಳ ದಾರಿ ಎಲ್ಲೆಲ್ಲಿ ಮುರಿಯುತ್ತದೆ ಎಂಬುದನ್ನು ಹೇಳುತ್ತೇವೆ. ನಿಯಮದ ಪಠ್ಯದಲ್ಲಿ 'ಸರಾಸರಿ' ಎಂಬ ಪದವಿದೆ, ನಿಜ. ಕೌಂಟರಿನಲ್ಲಿ ಮಾತ್ರ ಪ್ರತಿ ತಿಂಗಳ ಸಾಲಿನಲ್ಲೂ 40,000 ಇದೆಯೇ ಎಂದು ಬೆರಳಿಟ್ಟು ನೋಡುತ್ತಾರೆ. ಒಂದು ತಿಂಗಳು 39,700 ಬಂದಿದ್ದರೆ ಉಳಿದ ಹನ್ನೊಂದು ತಿಂಗಳು 45,000 ಇದ್ದರೂ ತಕರಾರು ಶುರು. 39,700 ಆಗುವುದು ಸುಲಭ. ಹಣ ಸ್ವಿಫ್ಟ್ ಎಂಬ ಬ್ಯಾಂಕುಗಳ ಅಂತರರಾಷ್ಟ್ರೀಯ ಜಾಲದ ಮೂಲಕ ಹೋಗುವಾಗ ನಡುವಿನ ಬ್ಯಾಂಕ್ ಡಾಲರ್ ಲೆಕ್ಕದಲ್ಲಿ ತನ್ನ ಶುಲ್ಕ ಮುರಿದುಕೊಳ್ಳುತ್ತದೆ, ಸ್ವೀಕರಿಸುವ ಥಾಯ್ ಬ್ಯಾಂಕ್ ಇನ್ನೊಂದಿಷ್ಟು ಮುರಿಯುತ್ತದೆ, ಆ ದಿನದ ವಿನಿಮಯ ದರ ಬೇರೆ ನಿಮ್ಮ ವಿರುದ್ಧ ಇರುತ್ತದೆ. ಕಳಿಸುವಾಗ ಶುಲ್ಕವೆಲ್ಲ ಕಳಿಸುವವರದ್ದೇ ಎಂಬ 'ಅವರ್' ಆಯ್ಕೆ ಹಾಕಿಸಬೇಕು. ಅದರ ಮೇಲೂ 43,000 ಬಾತ್‌ಗೆ ಕಡಿಮೆಯಿಲ್ಲದಷ್ಟು ಕಳಿಸುವುದು ಕ್ಷೇಮ.

ಎರಡನೆಯದು ದಿನಾಂಕದ ಎಡವಟ್ಟು. ಜನವರಿ 30ಕ್ಕೆ ಕಳಿಸಿದ ಹಣ ಶನಿವಾರ, ಭಾನುವಾರ ದಾಟಿ ಫೆಬ್ರವರಿ 2ಕ್ಕೆ ಜಮೆಯಾಯಿತು ಅನ್ನಿ. ಫೆಬ್ರವರಿಯ ಕಂತು ಫೆಬ್ರವರಿಯಲ್ಲೇ ಬಂದರೆ ಆ ತಿಂಗಳು ಎರಡು ಸಾಲು, ಜನವರಿಯಲ್ಲಿ ಸೊನ್ನೆ. ಅವರ ಲೆಕ್ಕದಲ್ಲಿ ನೀವು ಹನ್ನೊಂದೇ ತಿಂಗಳು ತರಿಸಿದ್ದೀರಿ. ತಿಂಗಳ 5ರಿಂದ 10ರೊಳಗೆ ಕಳಿಸುವ ಅಭ್ಯಾಸ ಇಟ್ಟುಕೊಂಡರೆ ಈ ತೊಂದರೆ ಇಲ್ಲ.

ಮೂರನೆಯದು, ಹಣ ಹೊರದೇಶದಿಂದ ಬಂತು ಎಂಬ ಗುರುತು. ಬ್ಯಾಂಕಾಕ್ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವಿದೇಶಿ ವರ್ಗಾವಣೆಯ ಎದುರು 'ಎಫ್‌ಟಿಟಿ' ಎಂದು ಮುದ್ರಣವಾಗುತ್ತದೆ. ಅದನ್ನು ಕಂಡರೆ ಅಧಿಕಾರಿ ಮುಂದೆ ಮಾತಾಡುವುದಿಲ್ಲ. ವೈಸ್‌ನಂಥ ಆನ್‌ಲೈನ್ ಹಣ ರವಾನೆ ಸೇವೆಗಳ ಮೂಲಕ ಕಳಿಸಿದಾಗ ಅವರು ಥೈಲ್ಯಾಂಡಿನ ಒಳಗಿನ ಯಾವುದೋ ಬ್ಯಾಂಕಿನಿಂದ ನಿಮ್ಮ ಖಾತೆಗೆ ದಾಟಿಸುವುದುಂಟು. ಆಗ ಪಾಸ್‌ಬುಕ್ಕಿನಲ್ಲಿ ಅದು ಸ್ಥಳೀಯ ಜಮೆಯಂತೆ ಕಾಣುತ್ತದೆ. ಕಳಿಸುವ ಉದ್ದೇಶದ ಪಟ್ಟಿಯಲ್ಲಿ 'ಥೈಲ್ಯಾಂಡಿನಲ್ಲಿ ದೀರ್ಘಕಾಲದ ವಾಸದ ಖರ್ಚು' ಎಂಬರ್ಥದ ಸಾಲನ್ನು ಆರಿಸಿಕೊಂಡರೆ ವಿದೇಶಿ ವರ್ಗಾವಣೆ ಎಂದೇ ದಾಖಲಾಗುವ ಸಾಧ್ಯತೆ ಹೆಚ್ಚು. ಆದರೂ ಮೊದಲ ಕಂತು ಬಂದ ದಿನವೇ ಪಾಸ್‌ಬುಕ್ ಮುದ್ರಿಸಿ ಗುರುತು ನೋಡಿಕೊಳ್ಳಬೇಕು. ಹನ್ನೆರಡನೇ ತಿಂಗಳಲ್ಲಿ ನೋಡಿ ಪ್ರಯೋಜನವಿಲ್ಲ. ಕೈಯಲ್ಲಿ ನೋಟು ತಂದು ಖಾತೆಗೆ ಕಟ್ಟಿದ್ದು ಆದಾಯದ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನು ಭಾರತದ ಕಡೆಯ ಕೊಂಡಿ. ಇದನ್ನು ಥೈಲ್ಯಾಂಡಿನ ಇಂಗ್ಲಿಷ್ ಮಾಹಿತಿಯಲ್ಲಿ ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಅದನ್ನು ಬರೆಯುವವರು ಯುರೋಪು, ಅಮೆರಿಕದವರು. ನೆಲೆಸುವ ಉದ್ದೇಶದಿಂದ ದೇಶ ಬಿಟ್ಟವರು ಪಿಂಚಣಿ ಬರುವ ಸಾಧಾರಣ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಬದಲಿಸದೆ ಹಳೆಯ ಖಾತೆಯಿಂದಲೇ ಕಳಿಸುತ್ತ ಇರುವುದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮಕ್ಕೆ ವಿರುದ್ಧ. ಎನ್‌ಆರ್‌ಒ ಖಾತೆಯಿಂದ ಪಿಂಚಣಿ, ಬಾಡಿಗೆ, ಬಡ್ಡಿಯಂಥ ಚಾಲ್ತಿ ಆದಾಯವನ್ನು ತೆರಿಗೆ ಕಟ್ಟಿ ಹೊರಗೆ ಕಳಿಸಲು ಅಡ್ಡಿಯಿಲ್ಲ. ಅಡ್ಡಿ ಇರುವುದು ರಗಳೆಯಲ್ಲಿ: 15ಸಿಎ, 15ಸಿಬಿ ಎಂದೇ ಎಲ್ಲರಿಗೂ ಪರಿಚಿತವಾದ, ಹೊರದೇಶಕ್ಕೆ ಕಳಿಸುವ ಹಣದ ತೆರಿಗೆಯ ಘೋಷಣೆ, ಲೆಕ್ಕಪರಿಶೋಧಕರ ಸಹಿ, ಶಾಖೆಗೆ ಅರ್ಜಿ. ವರ್ಷಕ್ಕೊಮ್ಮೆ ಮಾಡಬಹುದಾದದ್ದನ್ನು ಹನ್ನೆರಡು ಸಲ ಮಾಡುತ್ತ ಕೂತರೆ ಶಾಖೆಯ ಒಬ್ಬ ಗುಮಾಸ್ತರ ರಜೆಯಿಂದ ನಿಮ್ಮ ಒಂದು ತಿಂಗಳು ಖಾಲಿ ಬೀಳಬಹುದು.

ಇದಕ್ಕಿಂತ ದೊಡ್ಡ ಹೊಂಡ ನವೆಂಬರ್ ತಿಂಗಳಿನದು. ಸರ್ಕಾರಿ ಪಿಂಚಣಿದಾರರು ಬಹುಪಾಲು ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕಲ್ಲ, ಅದು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಆಮೇಲೆ ಪ್ರಮಾಣಪತ್ರ ಕೊಟ್ಟರೆ ಬಾಕಿ ಸಮೇತ ಬರುತ್ತದೆ, ಊರಲ್ಲಿರುವವರಿಗೆ ಅದು ಎರಡು ತಿಂಗಳ ಇಕ್ಕಟ್ಟು ಅಷ್ಟೇ. ಆದರೆ ಥೈಲ್ಯಾಂಡಿನಲ್ಲಿ ತಿಂಗಳ ವರ್ಗಾವಣೆ ನಂಬಿದವರಿಗೆ ಹನ್ನೆರಡರ ಸರಪಳಿ ಕಡಿದಂತೆ, ಎಣಿಕೆ ಮತ್ತೆ ಒಂದರಿಂದ. ಆಧಾರ್ ಇದ್ದವರು ಜೀವನ್ ಪ್ರಮಾಣ್ ಎಂಬ ಸರ್ಕಾರಿ ಸೇವೆಯ ಮೂಲಕ ಮೊಬೈಲಿನಲ್ಲೇ ಮುಖ ತೋರಿಸಿ ಕೊಡಬಹುದು, ಇಲ್ಲವಾದರೆ ರಾಯಭಾರ ಕಚೇರಿಯಲ್ಲಿ ಮಾಡಿಸಬಹುದು. ನವೆಂಬರಿನ ಮೊದಲ ವಾರವೇ ಮುಗಿಸಿಕೊಳ್ಳುವುದು ಒಳ್ಳೆಯದು.

ಈ ಕಾರಣಗಳಿಂದಲೇ ಠೇವಣಿ ಎನ್ನುತ್ತೇವೆ. ಒಮ್ಮೆ 12 ಲಕ್ಷ ರೂಪಾಯಿ ಹೊಂದಿಸುವುದು ಸಣ್ಣ ಮಾತಲ್ಲ, ಗೊತ್ತು. ಆದರೆ ಅದು ಖರ್ಚಾಗುವ ಹಣವಲ್ಲ, ಪ್ರತಿ ವರ್ಷವೂ ಅದನ್ನೇ ತೋರಿಸಬಹುದು. ಇನ್ನೂ ಭಾರತದ ನಿವಾಸಿಯಾಗಿದ್ದು, ಹೊರಡುವ ಮೊದಲು ಕಳಿಸುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ (ಎಲ್‌ಆರ್‌ಎಸ್) ಕಳಿಸುತ್ತಾರೆ. 2025ರ ಏಪ್ರಿಲ್‌ನಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ ಶೇಕಡಾ 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಒಟ್ಟಿಗೆ 12 ಲಕ್ಷ ಕಳಿಸಿದರೆ 40,000 ರೂಪಾಯಿ ಹಿಡಿತ, ರಿಟರ್ನ್ಸ್ ಸಲ್ಲಿಸಿದಾಗ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ವಾಪಸು ಬರುತ್ತದೆ. ಆ ಹಣ ಸಿಕ್ಕಿಕೊಳ್ಳುವುದೇ ಬೇಡ ಎನ್ನುವವರು 6 ಲಕ್ಷ ಮಾರ್ಚಿನಲ್ಲಿ, 6 ಲಕ್ಷ ಏಪ್ರಿಲ್‌ನಲ್ಲಿ ಕಳಿಸಿದರಾಯಿತು. ಎನ್‌ಆರ್‌ಒ ಖಾತೆಯಿಂದ ಕಳಿಸುವ ಅನಿವಾಸಿಗಳು ಈ ಯೋಜನೆಯೊಳಗೆ ಬರುವುದಿಲ್ಲವಾದ್ದರಿಂದ ಅವರಿಗೆ ಈ ಹಿಡಿತವೂ ಇಲ್ಲ.

ತೆರಿಗೆಯ ಕಡೆಯಿಂದಲೂ ಠೇವಣಿಗೆ ಒಂದು ಅನುಕೂಲವಿದೆ. ವರ್ಷದಲ್ಲಿ 180 ದಿನ ಥೈಲ್ಯಾಂಡಿನಲ್ಲಿ ಇದ್ದವರು ಅಲ್ಲಿನ ತೆರಿಗೆ ನಿವಾಸಿಗಳು. 2024ರ ಜನವರಿ 1ರಿಂದ, ಹೊರದೇಶದಲ್ಲಿ ಗಳಿಸಿ ಒಳಗೆ ತಂದ ಆದಾಯವನ್ನೂ ಅವರು ಲೆಕ್ಕಕ್ಕೆ ತೋರಿಸಬೇಕಾಗಿದೆ. ಆದರೆ ಆ ದಿನಕ್ಕಿಂತ ಮೊದಲು ಗಳಿಸಿದ ಹಣಕ್ಕೆ ಇದು ಅನ್ವಯಿಸದು. 2023ರ ಡಿಸೆಂಬರ್ 31ರಂದು ನಿಮ್ಮ ಖಾತೆಯಲ್ಲಿ, ಠೇವಣಿಗಳಲ್ಲಿ ಎಷ್ಟಿತ್ತು ಎಂಬ ಬ್ಯಾಂಕಿನ ಮುದ್ರೆಯಿರುವ ಪಟ್ಟಿ ತೆಗೆಸಿಟ್ಟುಕೊಂಡು, ಆ ಉಳಿತಾಯದಿಂದಲೇ 4 ಲಕ್ಷ ಬಾತ್ ಕಳಿಸಿದರೆ ಪ್ರಶ್ನೆ ಬಂದಾಗ ಉತ್ತರ ಕೈಯಲ್ಲೇ ಇರುತ್ತದೆ.

ಠೇವಣಿಯ ನಿಯಮಗಳು ಕೆಲವೇ, ಆದರೆ ಕೂದಲೆಳೆಯಷ್ಟೂ ಸಡಿಲವಿಲ್ಲ. ಖಾತೆ ಗಂಡನ ಒಬ್ಬನದೇ ಹೆಸರಿನಲ್ಲಿರಬೇಕು. ಹೆಂಡತಿಯೊಂದಿಗೆ ಜಂಟಿ ಖಾತೆ ತೆರೆದು ಪ್ರೀತಿ ತೋರಿಸಲು ಇದು ಜಾಗವಲ್ಲ. ಅರ್ಜಿ ಕೊಡುವ ದಿನಕ್ಕೆ ಹಣ ಬಂದು ಪೂರ್ತಿ ಎರಡು ತಿಂಗಳಾಗಿರಬೇಕು. 60 ದಿನ ಎಂದು ಬೆರಳೆಣಿಸಿ ಹೊರಡುವ ಬದಲು 70 ದಿನ ಬಿಟ್ಟು ಹೋಗಿ. ಆ ಅವಧಿಯಲ್ಲಿ ಒಂದು ಗಂಟೆಯೂ 4 ಲಕ್ಷಕ್ಕಿಂತ ಕೆಳಗೆ ಇಳಿದಿರಬಾರದು. ಸರಿಯಾಗಿ 4,00,000 ಇಟ್ಟವರ ಖಾತೆಯಿಂದ ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ತಾನಾಗಿ ಕಡಿತವಾಗಿ 3,99,800 ಆದರೆ ಆ ವರ್ಷದ ಅರ್ಜಿ ನೀರಿನಲ್ಲಿ ಹೋಮ. 4,10,000 ಇಟ್ಟು, ಆ ಖಾತೆಗೆ ಕಾರ್ಡನ್ನೇ ತೆಗೆದುಕೊಳ್ಳದೆ, ದಿನಬಳಕೆಗೆ ಬೇರೆ ಖಾತೆ ಇಟ್ಟುಕೊಳ್ಳಿ. ನಿವೃತ್ತಿ ಆಧಾರದವರು ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು 8 ಲಕ್ಷ ಹಾಗೇ ಇಟ್ಟು, ಉಳಿದ ವರ್ಷ 4 ಲಕ್ಷಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಮದುವೆ ಆಧಾರದವರಿಗೆ ಆ ಕಟ್ಟು ಇಲ್ಲ. ಆದರೆ ಅಂತಿಮ ಮುದ್ರೆ ಬೀಳುವವರೆಗೂ ಮುಟ್ಟಬೇಡಿ, ಎರಡನೇ ಭೇಟಿಯಲ್ಲಿ ಪಾಸ್‌ಬುಕ್ ಮತ್ತೆ ಕೇಳುವವರಿದ್ದಾರೆ.

ಬ್ಯಾಂಕಿನ ಕಾಗದಗಳಲ್ಲಿ ಮೂರು ಬೇಕು: ಖಾತೆಯಲ್ಲಿ ಎಷ್ಟು ಹಣವಿದೆ ಎಂಬ ಬ್ಯಾಂಕಿನ ಪತ್ರ, ಸ್ಟೇಟ್‌ಮೆಂಟ್, ಪಾಸ್‌ಬುಕ್ಕಿನ ಪುಟಗಳ ಜೆರಾಕ್ಸ್. ಪತ್ರವನ್ನು ಅರ್ಜಿ ಕೊಡುವ ದಿನ ಬೆಳಿಗ್ಗೆ ಅಥವಾ ಹಿಂದಿನ ದಿನ ತೆಗೆಸಬೇಕು. ಹಳೆಯದಾದರೆ ಒಪ್ಪುವುದಿಲ್ಲ. ಅದೇ ದಿನ ಬೆಳಿಗ್ಗೆ 100 ಬಾತ್ ಕಟ್ಟಿ ಪಾಸ್‌ಬುಕ್ ಮುದ್ರಿಸಿಕೊಂಡರೆ ಕೊನೆಯ ಸಾಲಿನಲ್ಲಿ ಅಂದಿನ ದಿನಾಂಕ ಬರುತ್ತದೆ. ತಿಂಗಳ ದಾರಿಯವರು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಕೊಡಬೇಕು. ಅದು ಎಲ್ಲ ಶಾಖೆಯಲ್ಲೂ ನಿಂತ ಕಾಲ ಮೇಲೆ ಸಿಗದು, ಕೇಂದ್ರ ಕಚೇರಿಯಿಂದ ಬರಲು ದಿನಗಳು ಹಿಡಿಯಬಹುದು. ಇನ್ನೊಂದು ಸೂಕ್ಷ್ಮ: ಪಾಸ್‌ಬುಕ್ಕನ್ನು ತಿಂಗಳುಗಟ್ಟಲೆ ಯಂತ್ರಕ್ಕೆ ಕೊಡದಿದ್ದರೆ ಬಾಕಿ ಉಳಿದ ವ್ಯವಹಾರಗಳೆಲ್ಲ ಒಂದೇ ಸಾಲಿಗೆ ಒಟ್ಟು ಸೇರಿ ಮುದ್ರಣವಾಗುತ್ತವೆ. ಎಫ್‌ಟಿಟಿ ಎಂಬ ಗುರುತೂ ಅದರಲ್ಲಿ ಮುಳುಗಿಹೋಗುತ್ತದೆ. ತಿಂಗಳಿಗೊಮ್ಮೆ ಮುದ್ರಿಸಿ.

ಉಳಿದ ಕಡತವನ್ನು ಬೇಗ ಹೇಳಿ ಮುಗಿಸುತ್ತೇವೆ. ಟಿಎಂ 7 ಅರ್ಜಿ, 4x6 ಸೆಂಟಿಮೀಟರಿನ ಫೋಟೊ, ಪಾಸ್‌ಪೋರ್ಟಿನ ಪುಟಗಳು, ಶುಲ್ಕ 1,900 ಬಾತ್. ಮದುವೆಯ ಪ್ರಮಾಣಪತ್ರ 'ಖೊ ರೊ 3', ಮದುವೆ ದಾಖಲೆ ಪುಸ್ತಕದ ಪ್ರತಿ 'ಖೊ ರೊ 2'. ಈ ಎರಡನೆಯದನ್ನು ನಮ್ಮ ತಾಲ್ಲೂಕು ಕಚೇರಿಯಂಥ ಅಂಫೊದಲ್ಲಿ ಪ್ರತಿ ವರ್ಷ ಹೊಸದಾಗಿ ತೆಗೆಸಬೇಕು, ಮದುವೆ ಇನ್ನೂ ಮುರಿದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಭಾರತದಲ್ಲಿ ಮದುವೆಯಾದವರು ಅದನ್ನು ಅಂಫೊದಲ್ಲಿ ನೋಂದಾಯಿಸಿ 'ಖೊ ರೊ 22' ಪಡೆಯಬೇಕು. ಹೆಂಡತಿಯ ಗುರುತಿನ ಚೀಟಿ, 'ತಬಿಯನ್ ಬಾನ್' ಎಂಬ ಮನೆ ನೋಂದಣಿ ಪುಸ್ತಕ, ಇವುಗಳ ಪ್ರತಿಗಳ ಮೇಲೆ ಹೆಂಡತಿಯದೇ ಸಹಿ. ಮನೆಗೆ ದಾರಿ ತೋರಿಸುವ ನಕ್ಷೆ. ಇಬ್ಬರೂ ಒಟ್ಟಿಗೆ ಇರುವ ಫೋಟೊಗಳು: ಮನೆಯ ಸಂಖ್ಯೆ ಕಾಣುವಂತೆ ಬಾಗಿಲ ಮುಂದೆ, ಹಜಾರದಲ್ಲಿ, ಮಲಗುವ ಕೋಣೆಯಲ್ಲಿ. ಕೊನೆಯದು ನಮ್ಮವರಿಗೆ ಮುಜುಗರ ತರುತ್ತದೆ. ಮಂಚದ ಮೇಲೆ ಸಾಧಾರಣ ಉಡುಪಿನಲ್ಲಿ ಕೂತಿದ್ದರೆ ಸಾಕು. ಎಲ್ಲವೂ ಎರಡೆರಡು ಪ್ರತಿ. ಹೆಂಡತಿ ಜೊತೆಗೆ ಬರಲೇಬೇಕು, ಪರಿಚಯದ ಥಾಯ್ ಸಾಕ್ಷಿಯೊಬ್ಬರನ್ನು ಕರೆತರಲು ಹೇಳುವ ಕಚೇರಿಗಳೂ ಇವೆ. ಬ್ಯಾಂಕಾಕಿನ ಚೇಂಗ್ ವತ್ತನದಲ್ಲಿ ಕೇಳದ ಕಾಗದವನ್ನು ಪಟ್ಟಾಯ ಬಳಿಯ ಜೋಮ್ತಿಯನ್‌ನಲ್ಲಿ ಕೇಳಬಹುದು. ಆದ್ದರಿಂದ ಒಂದು ತಿಂಗಳು ಮೊದಲು ನಿಮ್ಮ ಜಿಲ್ಲೆಯ ಕಚೇರಿಗೇ ಹೋಗಿ ಅವರ ಪಟ್ಟಿ ತನ್ನಿ.

ನಿವೃತ್ತಿ ವಿಸ್ತರಣೆ ಬಹುಮಟ್ಟಿಗೆ ಅದೇ ದಿನ ಸಿಗುತ್ತದೆ, ಮದುವೆಯದ್ದು ಸಿಗುವುದಿಲ್ಲ. ಮೊದಲು 'ಪರಿಶೀಲನೆಯಲ್ಲಿದೆ' ಎಂಬ ಸುಮಾರು 30 ದಿನದ ಮುದ್ರೆ ಬೀಳುತ್ತದೆ, ಕಡತ ಮೇಲಿನ ಕಚೇರಿಗೆ ಹೋಗುತ್ತದೆ. ನಡುವೆ ಅಧಿಕಾರಿಗಳು ಮನೆಗೆ ಬಂದು ನೋಡಬಹುದು. ಒಪ್ಪಿಗೆಯಾದರೆ ವರ್ಷ ಎಣಿಕೆಯಾಗುವುದು ಹಳೆಯ ಕೊನೆ ದಿನಾಂಕದಿಂದ, ಹಾಗಾಗಿ 30 ದಿನ ಮುಂಚೆ ಅರ್ಜಿ ಕೊಟ್ಟರೆ ಏನೂ ನಷ್ಟವಿಲ್ಲ. ಈ ನಡುವೆ ಊರಿಗೆ ಹೋಗಬೇಕಾಗಿ ಬಂದರೆ ಮರುಪ್ರವೇಶ ಪರವಾನಗಿ ಪಡೆದೇ ಹೊರಡಿ, ಒಂದು ಸಲಕ್ಕೆ 1,000, ಹಲವು ಸಲಕ್ಕೆ 3,800 ಬಾತ್. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲೇ ಸತ್ತಂತೆ.

ಎರಡು ತಿಂಗಳಿನ ಲೆಕ್ಕ ತಪ್ಪಿಹೋಗಿ ಅವಧಿ ಮುಗಿಯುತ್ತ ಬಂದವರು ಗಾಬರಿಯಾಗಿ, 'ಒಂದು ದಿನಕ್ಕೆ ನಿಮ್ಮ ಖಾತೆಯಲ್ಲಿ ಹಣ ಹಾಕಿ ತೋರಿಸಿಬಿಡುತ್ತೇವೆ' ಎನ್ನುವ ಏಜೆಂಟರ ಬಳಿ ಓಡುತ್ತಾರೆ. ಅದು ಸುಳ್ಳು ದಾಖಲೆ, ಪುರಾವೆ ನಿಮ್ಮದೇ ಪಾಸ್‌ಬುಕ್ಕಿನಲ್ಲಿ ಉಳಿಯುತ್ತದೆ. ಥಾಯ್ ಹೆಂಡತಿಯ ಜೊತೆಗಿರಲು 60 ದಿನದ ವಿಸ್ತರಣೆ ಎಂಬುದು ಬೇರೆಯೇ ಇದೆ. ಅದಕ್ಕೂ 1,900 ಬಾತ್ ಶುಲ್ಕ, ಹಣದ ಪುರಾವೆ ಬೇಡ. ಠೇವಣಿಗೆ ಎರಡು ತಿಂಗಳು ತುಂಬಿಸಿಕೊಳ್ಳಲು ಅಷ್ಟು ಸಾಕು. ಏನೂ ಮಾಡದೆ ದಿನ ಮೀರಿದರೆ ದಿನಕ್ಕೆ 500 ಬಾತ್ ದಂಡ, 20,000 ಬಾತ್‌ವರೆಗೆ.

ಹೊಸದಾಗಿ ಬರುವವರಿಗೆ ಒಂದು ಎಚ್ಚರಿಕೆ. ಪ್ರವಾಸಿಯಾಗಿ ಬಂದಿಳಿದ ಮುದ್ರೆಯ ಮೇಲೆ ಒಂದು ವರ್ಷದ ವಿಸ್ತರಣೆ ನೇರವಾಗಿ ಸಿಗದು. ಮೊದಲು 90 ದಿನದ ನಾನ್-ಇಮಿಗ್ರೆಂಟ್ 'ಓ' ವೀಸಾ ಬೇಕು. ಅದನ್ನು ಭಾರತದಿಂದಲೇ ಥಾಯ್ ಇ-ವೀಸಾ ತಾಣದಲ್ಲಿ ಪಡೆದು ಬರುವುದು ಮೇಲು. ಯಾಕೆಂದರೆ ಪ್ರವಾಸಿ ಮುದ್ರೆಯವರಿಗೆ ಖಾತೆ ತೆರೆದುಕೊಡಲು ಥಾಯ್ ಬ್ಯಾಂಕುಗಳು ಈಗ ಹಿಂದೆಗೆಯುತ್ತವೆ, ಖಾತೆಯಿಲ್ಲದೆ ಠೇವಣಿಯಿಲ್ಲ. 'ಓ' ವೀಸಾದಲ್ಲಿ ಬಂದ 24 ಗಂಟೆಯೊಳಗೆ ಮನೆ ಮಾಲೀಕರಿಂದ ಟಿಎಂ 30 ವಾಸದ ವರದಿ ಸಲ್ಲಿಸಿ, ಎರಡನೇ ವಾರದೊಳಗೆ ಖಾತೆ ತೆರೆದು ಹಣ ತರಿಸಿದರೆ ಮಾತ್ರ 90 ದಿನದಲ್ಲಿ ಎರಡು ತಿಂಗಳು ತುಂಬುತ್ತದೆ. ಮೂರನೇ ವಾರ ದಾಟಿದರೆ ಉಸಿರು ಬಿಗಿಹಿಡಿಯಬೇಕಾಗುತ್ತದೆ.

ಕೊನೆಯದಾಗಿ, ಗಂಡನ ಒಬ್ಬನದೇ ಹೆಸರಿನ ಖಾತೆ ಎಂಬ ನಿಯಮಕ್ಕೆ ಇನ್ನೊಂದು ಮುಖವಿದೆ. ಗಂಡ ತೀರಿಕೊಂಡರೆ ಆ 4 ಲಕ್ಷವನ್ನು ಹೆಂಡತಿ ಮುಟ್ಟುವಂತಿಲ್ಲ. ನ್ಯಾಯಾಲಯ ಆಸ್ತಿಯ ನಿರ್ವಾಹಕರನ್ನು ನೇಮಿಸುವವರೆಗೆ ಬ್ಯಾಂಕ್ ಬಿಡುವುದಿಲ್ಲ. ಥಾಯ್ ಭಾಷೆಯಲ್ಲಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ, ಹೆಂಡತಿಯನ್ನೇ ನಿರ್ವಾಹಕಿಯಾಗಿ ಹೆಸರಿಸಿದ ಉಯಿಲು ಬರೆದಿಟ್ಟರೆ ಆ ಕೆಲಸ ಹಗುರಾಗುತ್ತದೆ. ಹೆಂಡತಿಯೇ ಮೊದಲು ತೀರಿಕೊಂಡರೆ ಮುಂದಿನ ವರ್ಷಕ್ಕೆ ಮದುವೆಯ ಆಧಾರ ಉಳಿಯುವುದಿಲ್ಲ, 50 ದಾಟಿದವರು ನಿವೃತ್ತಿಯ ಆಧಾರಕ್ಕೆ ಬದಲಾಗಬೇಕು, 8 ಲಕ್ಷ ಬೇಕಾಗುತ್ತದೆ. ಆ ಇನ್ನರ್ಧ ಹಣವನ್ನು ಊರಿನ ಎನ್‌ಆರ್‌ಒ ಖಾತೆಯಲ್ಲಿ, ಬೇಕೆಂದಾಗ ಮುರಿಯಬಹುದಾದ ಠೇವಣಿಯಾಗಿ ಇಟ್ಟುಕೊಂಡಿರಿ.

ಇಂತಿ,
ಥೈಲ್ಯಾಂಡಿನಲ್ಲಿ ನೆಲೆಸಿರುವ ಕೆಲವು ಕನ್ನಡಿಗರು, ಬ್ಯಾಂಕಾಕ್